ವಾರ್ಸಾದ ಚೌಕದಲ್ಲಿ ಅಜ್ಜಿ ತೋರಿಸಿದ್ದೇನು?

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 'ವಾರ್ಸಾ 2011' ಎಂಬ ಫೋಲ್ಡರ್ ಇದೆ. ಅದರೊಳಗೆ ಎಂಟುನೂರಕ್ಕೂ ಹೆಚ್ಚು ಫೋಟೊಗಳು. ಅರಮನೆ, ಚರ್ಚು, ಗೋಪುರ, ಸೇತುವೆ, ಕುದುರೆ ಏರಿದ ವೀರರು, ಕುದುರೆ ಇಲ್ಲದ ವೀರರು ಎಲ್ಲರೂ ಇದ್ದಾರೆ. ನನ್ನ ಹೆಂಡತಿ ಮಾತ್ರ ಏಳೇ ಏಳು ಫೋಟೊಗಳಲ್ಲಿದ್ದಾಳೆ. ಅವುಗಳಲ್ಲೂ ಆರರಲ್ಲಿ ಕಾಣುವುದು ಅವಳ ಶಾಲಿನ ತುದಿ, ಅರ್ಧ ಕೈ ಅಥವಾ ಬೆನ್ನು.

ಅವಳೇನೂ ಫೋಟೊಕ್ಕೆ ನಾಚುವವಳಲ್ಲ. ತಪ್ಪು ನನ್ನದು. ಚಂದದ ಕಟ್ಟಡ ಕಂಡ ಕೂಡಲೇ "ಸ್ವಲ್ಪ ಆಚೆ ಸರಿ ಮಾರಾಯ್ತಿ, ಅಡ್ಡ ಬರ್ತೀಯ" ಎನ್ನುತ್ತಿದ್ದೆ. ಅವಳು ಸರಿಯುತ್ತಿದ್ದಳು.

ಪೋಲೆಂಡ್ ದೇಶದ ರಾಜಧಾನಿ ವಾರ್ಸಾಕ್ಕೆ ನಾವು ಆ ವರ್ಷ ಹೋದದ್ದು ಪ್ರವಾಸಕ್ಕಲ್ಲ, ಮಗಳ ಬಾಣಂತನಕ್ಕೆ. ಅಳಿಯನಿಗೆ ಅಲ್ಲಿ ಕೆಲಸ. ಇವಳ ಸೂಟ್‌ಕೇಸಿನ ತುಂಬ ಮೆಂತ್ಯ, ಓಮ, ಬಜೆ, ಒಣಶುಂಠಿ. ನನ್ನ ಕೈಯಲ್ಲಿ ನಿವೃತ್ತಿಯ ದಿನ ಸಹೋದ್ಯೋಗಿಗಳು ಕೊಟ್ಟ ಪುಟ್ಟ ಡಿಜಿಟಲ್ ಕ್ಯಾಮೆರಾ. ಹೆರಿಗೆಗೆ ಇನ್ನೂ ಹದಿನೈದು ದಿನ ಇದ್ದುದರಿಂದ ನಾಲ್ಕೈದು ಸಲ ಊರು ಸುತ್ತಿದೆವು. ಆಮೇಲೆ ಮೊಮ್ಮಗಳು ಹುಟ್ಟಿದಳು. ಇವಳಿಗೆ ಎಣ್ಣೆ, ನೀರು, ತೊಟ್ಟಿಲೇ ವಾರ್ಸಾ ಆಯಿತು. ನಾನೊಬ್ಬನೇ ಕ್ಯಾಮೆರಾ ಹಿಡಿದು ಅಲೆದೆ.

ಇನ್ನು ಆ ಏಳನೆಯ ಫೋಟೊ. ಅದು ಕೆಟ್ಟುಹೋದ ಫೋಟೊ ಎಂದು ಎರಡು ಸಲ ಅಳಿಸಲು ಹೊರಟಿದ್ದೆ. ಎಡಗಡೆ ಮೇಲ್ಮೂಲೆಯಲ್ಲಿ ಕಂದು ಬಣ್ಣದ ಮಸುಕು. ಇವಳು ದೊಡ್ಡ ಚೌಕವೊಂದರ ಕಲ್ಲಿನ ಮೆಟ್ಟಿಲ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಚಕ್ಕುಲಿಯ ಸ್ಟೀಲ್ ಡಬ್ಬಿ. ಹಿಂದೆ ಇಟ್ಟಿಗೆ ಬಣ್ಣದ ಅರಮನೆ, ಅದರ ಗೋಪುರದಲ್ಲಿ ಗಡಿಯಾರ. ಬಾಯಿ ಅರ್ಧ ತೆರೆದು, ನಗುತ್ತಾ, ಬಲಗೈ ಎತ್ತಿ ಬೆರಳಿನಿಂದ ಏನನ್ನೋ ತೋರಿಸುತ್ತಿದ್ದಾಳೆ. ಬೆರಳು ನನ್ನ ಕಡೆಗೇ ಇದ್ದಂತಿದೆ, ಆದರೆ ಕೊಂಚ ಪಕ್ಕಕ್ಕೆ. ಅಂದರೆ ನನ್ನ ಬೆನ್ನ ಹಿಂದೆ ಅವಳು ಏನನ್ನೋ ಕಂಡಿರಬೇಕು.

ಏನನ್ನು? ಅವಳಿದ್ದಾಗ ಕೇಳಲಿಲ್ಲ. 2020ರಲ್ಲಿ ಅವಳು ತೀರಿಕೊಂಡ ಮೇಲೆ ಕೇಳುವುದಕ್ಕೆ ಯಾರೂ ಇರಲಿಲ್ಲ.

2023ರ ಬೇಸಿಗೆಯಲ್ಲಿ ಮಗಳು ಟಿಕೆಟ್ ಕಳಿಸಿ "ಅಪ್ಪಾ, ಬಾ" ಎಂದಾಗ, ಆ ಫೋಟೊವನ್ನು ಪ್ರಿಂಟ್ ಹಾಕಿಸಿಕೊಂಡು ಹೊರಟೆ. ಹಳೆಯ ಕ್ಯಾಮೆರಾವನ್ನೂ ಒಯ್ದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಅದು ಇವತ್ತಿಗೂ ಓಡುತ್ತದೆ.

ಈ ಸಲ ನನ್ನ ಗೈಡ್ ಅಂದು ತೊಟ್ಟಿಲಲ್ಲಿದ್ದ ಮೊಮ್ಮಗಳು ಪುಟ್ಟಿ. ಈಗ ಹನ್ನೆರಡು ವರ್ಷ. ಅವಳ ಕನ್ನಡ ನಮ್ಮ ಮನೆಯದೇ, ಆದರೆ ಎಣಿಕೆ ಮಾತ್ರ ಪೋಲಿಷ್‌ನಲ್ಲಿ. "ನಮ್ಮೂರಿನ ಹೆಸರು ವಾರ್ಸಾ ಅಲ್ಲ ಅಜ್ಜ, ವರ್ಷಾವಾ" ಎಂದು ಮೊದಲ ದಿನವೇ ತಿದ್ದಿದಳು. ಕೇಳಲು ಮಳೆಯ ಹೆಸರಿನಂತಿದೆ, ಅಲ್ಲವೇ? ಅಜ್ಜನಿಗೆ ಅಲ್ಲಿ 'ಜಾದೆಕ್' ಎನ್ನುತ್ತಾರೆ, ಅಜ್ಜಿಗೆ 'ಬಾಬ್ಚಾ'. ಫೋಟೊ ನೋಡಿದವಳೇ "ಇದು ಕೋಟೆ ಚೌಕ. ಬಾಬ್ಚಾ ಕೂತಿರೋದು ರಾಜನ ಕಂಬದ ಬುಡದಲ್ಲಿ" ಎಂದಳು. ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ನಾಲ್ಕು ಇಪ್ಪತ್ತು. ನಾವೂ ನಾಲ್ಕು ಇಪ್ಪತ್ತಕ್ಕೇ ಹೋಗೋಣ. ಆಗಲೇ ಬಿಸಿಲು, ನೆರಳು ಸರಿ ಬರೋದು" ಎಂದಳು. ಈ ಬುದ್ಧಿ ನನಗೆ ಹೊಳೆದಿರಲಿಲ್ಲ.

ಕೋಟೆ ಚೌಕದ ಆ ಕಂಬ 22 ಮೀಟರ್ ಎತ್ತರ. ತುದಿಯಲ್ಲಿ ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಕತ್ತಿ ಹಿಡಿದ ದೊರೆ ಮೂರನೇ ಸಿಗಿಸ್ಮಂಡ್. 1596ರಲ್ಲಿ ಆಸ್ಥಾನವನ್ನು ಕ್ರಾಕೋವ್ ನಗರದಿಂದ ವಾರ್ಸಾಕ್ಕೆ ತಂದವನು ಇವನೇ. ಕಂಬವನ್ನು 1644ರಲ್ಲಿ ನಿಲ್ಲಿಸಿದವನು ಅವನ ಮಗ. ಮೊದಲ ಸಲ ಬಂದಾಗ ನಾನು ಈ ರಾಜನ ಹದಿನೇಳು ಫೋಟೊ ತೆಗೆದಿದ್ದೆ. ಆದರೆ ಅರಮನೆಯ ಮಗ್ಗುಲಲ್ಲಿ ನೆಲದ ಮೇಲೆ ಮಲಗಿರುವ ಮುರಿದ ಕಲ್ಲುಕಂಬಗಳನ್ನು ಕಂಡೇ ಇರಲಿಲ್ಲ. ಪುಟ್ಟಿ ಕೈ ಹಿಡಿದು ಅಲ್ಲಿಗೆ ಕರೆದೊಯ್ದಳು.

"ಇವು ರಾಜನ ಹಳೇ ಕಂಬಗಳು. ಯುದ್ಧದಲ್ಲಿ ಬೀಳಿಸಿದರು. ಈಗ ಇರೋದು ಹೊಸದು."

1944ರ ಸೆಪ್ಟೆಂಬರಿನಲ್ಲಿ ಕಂಬ ಉರುಳಿತು. ಮೇಲಿದ್ದ ರಾಜ ಪೆಟ್ಟು ತಿಂದರೂ ಉಳಿದುಕೊಂಡ. 1949ರಲ್ಲಿ ಹೊಸ ಕಂಬದ ಮೇಲೆ ಅವನನ್ನೇ ಮತ್ತೆ ನಿಲ್ಲಿಸಿದರು.

"ಅರಮನೆ?" ಎಂದೆ.

"ಅದೂ ಹೊಸದು."

"ಈ ಬಣ್ಣದ ಮನೆಗಳು?"

"ಎಲ್ಲಾ ಹೊಸದು ಅಜ್ಜ."

ಅಂದು ನಾನು "ಮುನ್ನೂರು ವರ್ಷ ಹಳೆಯ ಮನೆ, ನೋಡು" ಎಂದು ಹೆಂಡತಿಗೆ ವಿವರಿಸುತ್ತಾ ಕ್ಲಿಕ್ಕಿಸಿದ ಮನೆಗಳೆಲ್ಲ ನನಗಿಂತ ಚಿಕ್ಕವು! "ಹಾಗಾದರೆ ಇದೆಲ್ಲ ಡೂಪ್ಲಿಕೇಟಾ?" ಎಂದುಬಿಟ್ಟೆ. ಪುಟ್ಟಿಗೆ ಸಿಟ್ಟು ಬಂತು. ಅವಳು ಹುಟ್ಟಿದ ಊರಲ್ಲವೇ? ಮರುದಿನ ಬೆಳಗ್ಗೆ ಅವಳೇ ನನ್ನನ್ನು ಅರಮನೆಯೊಳಗೆ ಕರೆದೊಯ್ದಳು.

ಒಳಗಿನ ಕಥೆ ಹೇಳುವ ಮೊದಲು ಊರಿಗೆ ಏನಾಯಿತೆಂದು ಹೇಳಬೇಕು.

1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೇನೆ ಪೋಲೆಂಡಿನ ಮೇಲೆ ನುಗ್ಗಿತು. ಆಗ ವಾರ್ಸಾದಲ್ಲಿ ಸುಮಾರು 13 ಲಕ್ಷ ಜನರಿದ್ದರು. ಅದೇ ತಿಂಗಳ 17ರಂದು ಅರಮನೆಗೆ ಬೆಂಕಿ ಬಿತ್ತು. ಗೋಪುರದ ಗಡಿಯಾರ 11 ಗಂಟೆ 15 ನಿಮಿಷಕ್ಕೆ ನಿಂತಿತು. ಐದು ವರ್ಷ ಪರರ ಆಳ್ವಿಕೆ ಸಹಿಸಿದ ಜನ 1944ರ ಆಗಸ್ಟ್ 1ರ ಸಂಜೆ 5 ಗಂಟೆಗೆ ದಂಗೆ ಎದ್ದರು. 63 ದಿನ ಹೋರಾಡಿ ಸೋತರು. ಸತ್ತವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಅಷ್ಟಕ್ಕೇ ಮುಗಿಯಲಿಲ್ಲ. ಉಳಿದವರನ್ನು ಊರಿನಿಂದ ಹೊರಗಟ್ಟಿ, ಬೀದಿ ಬೀದಿಗೆ ಬೆಂಕಿ ಇಟ್ಟು, ಮುಖ್ಯ ಕಟ್ಟಡಗಳಿಗೆ ಮದ್ದು ತುಂಬಿ ಸಿಡಿಸಿದರು. ಹಳೆಯ ಪೇಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೆಲಸಮವಾಯಿತು. ಆ ದಿನಗಳ ಫೋಟೊ ನೋಡಿದರೆ ಊರು ಎನ್ನಲು ಆಗುವುದಿಲ್ಲ. ಇಟ್ಟಿಗೆಚೂರಿನ ಬಯಲು.

ಜನ ಮರಳಿ ಬಂದರು. ಪೇಟೆಯನ್ನು ಹಿಂದೆ ಇದ್ದ ಹಾಗೆಯೇ ಕಟ್ಟುವುದೆಂದು ತೀರ್ಮಾನವಾಯಿತು. ಆದರೆ 'ಇದ್ದ ಹಾಗೆ' ಎಂದರೆ ಹೇಗೆ? ಮೂಲೆಮನೆಗೆ ಎಷ್ಟು ಕಿಟಕಿ? ಬಾಗಿಲ ಮೇಲಿದ್ದದ್ದು ಕೆತ್ತನೆಯೋ, ಬರೀ ಗಾರೆಯೋ? ನಿಮ್ಮ ಮನೆ ಎದುರಿನ ಮನೆಗೆ ಎಷ್ಟು ಕಿಟಕಿ, ನೋಡದೆ ಹೇಳಿ ನೋಡೋಣ ಮಕ್ಕಳೇ!

ಅಲ್ಲಿ ಎರಡು ನಿಧಿಗಳು ಕೈಗೆ ಬಂದವು. ಒಂದನ್ನು ಕೂಡಿಟ್ಟವರು ವಿದ್ಯಾರ್ಥಿಗಳು. ವಾರ್ಸಾದ ತಾಂತ್ರಿಕ ವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಯುತ್ತಿದ್ದ ಹುಡುಗ ಹುಡುಗಿಯರು ಯುದ್ಧಕ್ಕೂ ಮೊದಲೇ, ಪಾಠದ ಭಾಗವಾಗಿ, ಹಳೆಯ ಪೇಟೆಯ ಮನೆಗಳನ್ನು ಅಳತೆಪಟ್ಟಿ ಹಿಡಿದು ಅಳೆದು ನಕ್ಷೆ ಬರೆದಿದ್ದರು. ಯುದ್ಧಕಾಲದಲ್ಲಿ ಆ ನಕ್ಷೆಗಳನ್ನು ಕದ್ದುಮುಚ್ಚಿ ಕಾಪಾಡಿದರು. ದಂಗೆ ಸೋತ ಮೇಲೆ ಊರಿನಿಂದಾಚೆ ಸಾಗಿಸಿ, ಬೇರೊಂದು ಪಟ್ಟಣದ ಕ್ರೈಸ್ತ ಮಠದಲ್ಲಿ ಬಚ್ಚಿಟ್ಟರು. 'ಈ ಪ್ರಾಜೆಕ್ಟ್ ವರ್ಕ್ ಯಾಕೆ ಕೊಡ್ತಾರೋ' ಎಂದು ಗೊಣಗಿದವರು ಆ ವಿದ್ಯಾರ್ಥಿಗಳಲ್ಲೂ ಇದ್ದಿರಬೇಕು. ಯಾನ್ ಜಾಖ್ವಾತೋವಿಚ್ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ ಪೇಟೆ ಎದ್ದಿತು. ಸಿಕ್ಕಿದಲ್ಲೆಲ್ಲ ಹಳೆಯ ಕಲ್ಲು, ಕೆತ್ತನೆಯ ಚೂರುಗಳನ್ನು ಹೊಸ ಗೋಡೆಗೆ ಸೇರಿಸಿದರು. ಹೊರಮೈ ಹಳೆಯದು, ಒಳಗೆ ಮಾತ್ರ ಈಗಿನ ಕಾಲದ ಮನೆಗಳು. 1953ರಲ್ಲಿ ಪೇಟೆಯ ಚೌಕ ತೆರೆಯಿತು.

ಇನ್ನೊಂದು ನಿಧಿ ಅರಮನೆಯೊಳಗಿದೆ. ಒಂದು ಕೋಣೆಯ ಗೋಡೆಗಳ ತುಂಬ ವಾರ್ಸಾ ನಗರದ 22 ವರ್ಣಚಿತ್ರಗಳು. ಬರೆದವನು ವೆನಿಸ್‌ನ ಬೆರ್ನಾರ್ದೊ ಬೆಲ್ಲೊತ್ತೊ. ಸೋದರಮಾವ ಕನಲೆತ್ತೊ ಎಂಬ ಹೆಸರಾಂತ ಚಿತ್ರಕಾರ, ಆದ್ದರಿಂದ ಇವನನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಪೋಲೆಂಡಿನ ಕೊನೆಯ ದೊರೆ ಸ್ತಾನಿಸ್ವಾಫ್ ಆಗಸ್ಟ್‌ನ ಆಸ್ಥಾನದಲ್ಲಿದ್ದು, 1780ರಲ್ಲಿ ಇಲ್ಲೇ ತೀರಿಕೊಂಡ. ಕತ್ತಲೆ ಪೆಟ್ಟಿಗೆಗೆ ಸಣ್ಣ ಕಿಂಡಿ ಕೊರೆದರೆ ಹೊರಗಿನ ದೃಶ್ಯ ಒಳಗೆ ತಲೆಕೆಳಗಾಗಿ ಬೀಳುತ್ತದಲ್ಲ, ಶಾಲೆಯ ವಿಜ್ಞಾನ ಮೇಳದಲ್ಲಿ ನೀವೂ ಮಾಡಿರುತ್ತೀರಿ. ಅಂಥದೇ ಉಪಕರಣ ಬಳಸಿ ಅವನು ಗೆರೆ ಎಳೆಯುತ್ತಿದ್ದನೆಂದು ಹೇಳುತ್ತಾರೆ. ಹಾಗೆಂದೇ ಕಿಟಕಿ ಕಿಟಕಿಯೂ ಲೆಕ್ಕಕ್ಕೆ ಸಿಗುತ್ತದೆ. ಯುದ್ಧದಲ್ಲಿ ಲೂಟಿಯಾದ ಈ ಚಿತ್ರಗಳು ಮರಳಿ ಬಂದವು. ಅವನ್ನು ನೋಡಿ ಬೀದಿಗಳನ್ನು ಕಟ್ಟಿದರು. ಮಹಾರಾಯ ಕೆಲವೆಡೆ ಚಂದಕ್ಕೆಂದು ಕಟ್ಟಡವನ್ನು ತುಸು ತಿದ್ದಿ ಬರೆದಿದ್ದನಂತೆ. ಕಟ್ಟಿದವರು ಅದನ್ನೂ ಹಾಗೆಯೇ ಕಟ್ಟಿದರಂತೆ!

ನಾನು ಕಟ್ಟಡಗಳನ್ನು ನೋಡುತ್ತಿದ್ದೆ. ಪುಟ್ಟಿ ಜನರನ್ನು ನೋಡುತ್ತಿದ್ದಳು. "ಅಜ್ಜ, ಇಲ್ಲೊಂದು ನಾಯಿ. ಈ ಹೆಂಗಸಿನ ಕೈಯಲ್ಲಿ ಬುಟ್ಟಿ. ಇವನು ಗಾಡಿ ತಳ್ತಿದಾನೆ." ನದಿಯಾಚೆಯ ಪ್ರಾಗಾದಿಂದ ಊರನ್ನು ನೋಡಿ 1770ರಲ್ಲಿ ಬರೆದ ದೊಡ್ಡ ಚಿತ್ರದ ಮುಂದೆ ಅವಳು ಕುಣಿದೇಬಿಟ್ಟಳು. ಅದರ ಒಂದು ಮೂಲೆಯಲ್ಲಿ ಚಿತ್ರ ಬರೆಯುತ್ತಾ ಕೂತಿರುವವನು ಸ್ವತಃ ಬೆಲ್ಲೊತ್ತೊ. "ಸೆಲ್ಫಿ!" ಎಂದಳು.

ನಾನು ತಲೆ ಕೆರೆದುಕೊಂಡೆ. ಅರಮನೆ ಬರೆಯಲು ಸಂಬಳ ಪಡೆದ ಮನುಷ್ಯ ಬುಟ್ಟಿ ಹಿಡಿದವಳನ್ನೂ ನಾಯಿಯನ್ನೂ ಬಿಟ್ಟಿಲ್ಲ. 'ಅಡ್ಡ ಬರ್ತೀಯ, ಸರಿ' ಎಂದಿಲ್ಲ.

ಅರಮನೆಯಿಂದ ಹೊರಡುವ ದೊಡ್ಡ ರಸ್ತೆಯ ಹೆಸರನ್ನು ಪುಟ್ಟಿ ನನಗೆ ಐದು ಸಲ ಹೇಳಿಕೊಟ್ಟಳು. ಕ್ರಾಕೋಫ್‌ಸ್ಕಿಯೆ ಪ್ಶೆದ್‌ಮ್ಯೆಶ್ಚೆ. ನೀವು ಒಂದು ಸಲ ಪ್ರಯತ್ನಿಸಿ, ಸಾಕು. ಬೆಲ್ಲೊತ್ತೊ ಎಲ್ಲೆಲ್ಲಿ ನಿಂತು ಬರೆದನೋ ಅಂಥ ಜಾಗಗಳಲ್ಲಿ ಚೌಕಾಕಾರದ ದಿಮ್ಮಿಗಳನ್ನು ಇಟ್ಟು, ಅವುಗಳ ಮೇಲೆ ಅವನ ಚಿತ್ರದ ಪ್ರತಿ ಅಂಟಿಸಿದ್ದಾರೆ. ಚಿತ್ರ ನೋಡಿ ತಲೆ ಎತ್ತಿದರೆ ಅದೇ ಚರ್ಚು, ಅದೇ ಬೀದಿ. ಚಿತ್ರವೂ ಬೀದಿಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಕ್ಯಾಮೆರಾ ಹಿಡಿಯುವುದು ನಮ್ಮಿಬ್ಬರ ಆಟವಾಯಿತು. ನಿಯಮ ಪುಟ್ಟಿಯದು: ಪ್ರತಿ ಫೋಟೊದಲ್ಲೂ ಒಬ್ಬ ಮನುಷ್ಯನೋ ಒಂದು ನಾಯಿಯೋ ಇರಲೇಬೇಕು. ಈ ಆಟವನ್ನು ನೀವು ನಿಮ್ಮೂರಲ್ಲೂ ಆಡಬಹುದು. ಅಜ್ಜಿಯ ಟ್ರಂಕಿನಿಂದ ಒಂದು ಹಳೆಯ ಫೋಟೊ ತೆಗೆಸಿ, ಅದನ್ನು ತೆಗೆದ ಜಾಗ ಹುಡುಕಿ, ಅಲ್ಲೇ ನಿಂತು ಇನ್ನೊಂದು ತೆಗೆಯಿರಿ. ಅಜ್ಜಿಯನ್ನೂ ಕರೆದೊಯ್ಯಿರಿ, ದಾರಿಯಲ್ಲಿ ಅವರು ಹೇಳುವುದು ತುಂಬ ಇರುತ್ತದೆ.

ಈ ರಸ್ತೆಯಲ್ಲಿ ಕಾಲು ನೋಯುವಂತಿಲ್ಲ. ಇಲ್ಲೂ ಊರಿನ ಬೇರೆ ಕಡೆಗಳಲ್ಲೂ ಕಪ್ಪು ಕಲ್ಲಿನ ಬೆಂಚುಗಳಿವೆ, ಒಟ್ಟು ಹದಿನೈದು. ಗುಂಡಿ ಒತ್ತಿದರೆ ಸಂಗೀತಗಾರ ಶೋಪಾನ್ ರಚಿಸಿದ ಪಿಯಾನೊ ನಾದ ಹೊಮ್ಮುತ್ತದೆ. ಶೋಪಾನ್ ಬೆಳೆದದ್ದು ಈ ಊರಲ್ಲಿ, ಸತ್ತದ್ದು ಪ್ಯಾರಿಸ್‌ನಲ್ಲಿ. ಅವನ ಹೃದಯವನ್ನು ಅಕ್ಕ ಇಲ್ಲಿಗೆ ತಂದಳು. ಇದೇ ರಸ್ತೆಯ ಚರ್ಚಿನ ಕಂಬವೊಂದರೊಳಗೆ ಅದನ್ನು ಇಟ್ಟಿದ್ದಾರೆ.

ಹಳೆಯ ಪೇಟೆಯಲ್ಲಿ ಕತ್ತಿ ಗುರಾಣಿ ಹಿಡಿದ ಮತ್ಸ್ಯಕನ್ಯೆ ಇದ್ದಾಳೆ. ಊರಿನ ಲಾಂಛನವೇ ಅವಳು. ಅವಳೆದುರು ಕೂತು ಪಿಯರೋಗಿ ತಿಂದೆವು. ಕರ್ಜಿಕಾಯಿಯ ಆಕಾರ, ಕಡುಬಿನ ಮೈ, ಒಳಗೆ ಆಲೂಗಡ್ಡೆ ಮತ್ತು ಚೀಸ್. ಇವಳು ಅಂದು ಒಂದು ತುಂಡು ತಿಂದು "ಒಗ್ಗರಣೆ ಒಂದು ಬಿದ್ದಿದ್ರೆ ಊಟಕ್ಕೆ ಆಗ್ತಿತ್ತು" ಎಂದಿದ್ದಳು. ಅದನ್ನು ಹೇಳಿದಾಗ ಪುಟ್ಟಿ ನಕ್ಕು, ಬ್ಯಾಗಿನಿಂದ ಉಪ್ಪಿನಕಾಯಿ ಡಬ್ಬಿ ತೆಗೆದಳು. ರಕ್ತ ಎಲ್ಲಿ ಹೋಗುತ್ತದೆ!

ಕೋಟೆಗೋಡೆಯ ಬದಿಯಲ್ಲಿ ಒಂದು ಪುಟ್ಟ ಪ್ರತಿಮೆಯಿದೆ. ಪುಟ್ಟಿಗಿಂತ ಚಿಕ್ಕ ಹುಡುಗ. ತಲೆಗೆ ದೊಡ್ಡವರ ಹೆಲ್ಮೆಟ್, ಕಾಲಿಗೆ ದೊಡ್ಡವರ ಬೂಟು, ಕೈಯಲ್ಲಿ ಬಂದೂಕು. 1944ರ ದಂಗೆಯಲ್ಲಿ ಭಾಗವಹಿಸಿದ ಮಕ್ಕಳ ನೆನಪಿಗೆ 1983ರಲ್ಲಿ ನಿಲ್ಲಿಸಿದ್ದು. ಸ್ಕೌಟ್ ಮಕ್ಕಳು ಗುಂಡಿನ ಮಳೆಯ ನಡುವೆ ಅಂಚೆ ಹಂಚುತ್ತಿದ್ದರು. ಪ್ರತಿಮೆಯ ಕಾಲ ಬಳಿ ಯಾರೋ ಹೂವಿಟ್ಟಿದ್ದರು. ಫೋಟೊ ತೆಗೆದೆ. ಆದರೆ ಮಗುವಿನ ಕೈಗೆ ಬಂದೂಕು ಬಂದದ್ದನ್ನು ನೋಡಿ ಹೆಮ್ಮೆಪಡಬೇಕೋ, ಅಳಬೇಕೋ ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ.

ಇನ್ನೊಂದು ಪ್ರತಿಮೆಯ ಮುಂದೆ ಹೆಚ್ಚು ಹೊತ್ತು ನಿಂತೆ. ಯಾನುಶ್ ಕೋರ್ಚಾಕ್, ಮಕ್ಕಳ ವೈದ್ಯ, ಮಕ್ಕಳ ಕಥೆಗಾರ. ಯಹೂದಿ ಅನಾಥ ಮಕ್ಕಳಿಗಾಗಿ ವಾರ್ಸಾದಲ್ಲಿ ಮನೆ ನಡೆಸುತ್ತಿದ್ದರು. ನಾಜಿಗಳು ಯಹೂದಿಗಳನ್ನು ಗೋಡೆಯೊಳಗೆ ಕೂಡಿಹಾಕಿದಾಗ ಮಕ್ಕಳ ಜೊತೆ ತಾವೂ ಹೋದರು. 1942ರ ಜುಲೈ 18ರಂದು ಆ ಮಕ್ಕಳು ಒಂದು ನಾಟಕ ಆಡಿದರು. ಯಾವುದು ಗೊತ್ತೇ? ನಮ್ಮ ರವೀಂದ್ರನಾಥ ಠಾಕೂರರ 'ಅಂಚೆಮನೆ'. ಕಾಯಿಲೆಯ ಹುಡುಗ ಅಮಲ್ ಕಿಟಕಿಯಲ್ಲಿ ಕೂತು ರಾಜನ ಪತ್ರಕ್ಕಾಗಿ ಕಾಯುತ್ತಾನಲ್ಲ, ಅದೇ. ಮೂರು ವಾರ ಕಳೆಯುವುದರೊಳಗೆ ಸುಮಾರು 200 ಮಕ್ಕಳನ್ನು ಸಾವಿನ ಶಿಬಿರಕ್ಕೆ ಒಯ್ದರು. ಕೋರ್ಚಾಕ್ ತಪ್ಪಿಸಿಕೊಳ್ಳಬಹುದಿತ್ತು. ಮಕ್ಕಳನ್ನು ಬಿಟ್ಟು ಬರಲೊಪ್ಪದೆ ಅವರ ಜೊತೆಗೇ ಹೋದರು. ಪ್ರತಿಮೆಯಲ್ಲೂ ಅವರ ಸುತ್ತ ಮಕ್ಕಳಿದ್ದಾರೆ. ಪುಟ್ಟಿಗೆ ಈ ಕಥೆ ಶಾಲೆಯಲ್ಲಿ ಹೇಳಿದ್ದರು, ನಾಟಕ ಭಾರತದ್ದೆಂದು ಗೊತ್ತಿರಲಿಲ್ಲ. ಆ ರಾತ್ರಿ ಅಮಲ್‌ನ ಕಥೆ ಪೂರ್ತಿ ಹೇಳಿದೆ.

ಭಾರತದ ಇನ್ನೊಂದು ಹೆಸರೂ ಈ ಊರಲ್ಲಿದೆ. ಯುದ್ಧದಲ್ಲಿ ನೆಲೆ ತಪ್ಪಿದ ನೂರಾರು ಪೋಲಿಷ್ ಮಕ್ಕಳಿಗೆ ಗುಜರಾತಿನ ನವಾನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಆಶ್ರಯ ಕೊಟ್ಟಿದ್ದರು. ವಾರ್ಸಾದ ಒಂದು ಚೌಕಕ್ಕೆ 'ಒಳ್ಳೆಯ ಮಹಾರಾಜ' ಎಂದೇ ಹೆಸರು.

ಆಗಸ್ಟ್ 1ರ ಸಂಜೆ ನಾವು ಆ ಉದ್ದ ಹೆಸರಿನ ರಸ್ತೆಯಲ್ಲಿದ್ದೆವು. ಸರಿಯಾಗಿ 5 ಗಂಟೆಗೆ ಸೈರನ್‌ಗಳು ಕೂಗಿದವು. ಬಸ್ಸು ನಿಂತಿತು. ಐಸ್‌ಕ್ರೀಮ್ ಕೊಳ್ಳುತ್ತಿದ್ದ ಹುಡುಗ ಕೈ ಕೆಳಗಿಳಿಸಿ ನೆಟ್ಟಗೆ ನಿಂತ. ನನ್ನ ವಯಸ್ಸಿನ ಒಬ್ಬ ಅಜ್ಜಿ ಚೀಲ ನೆಲದಲ್ಲಿಟ್ಟು ಕಣ್ಣು ಮುಚ್ಚಿದರು. ಪ್ರತಿ ವರ್ಷ ದಂಗೆ ಎದ್ದ ಗಳಿಗೆಯನ್ನು ಊರು ಹೀಗೆ ನೆನೆಯುತ್ತದೆ. ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದ ನಾನು ಅದನ್ನು ಇಳಿಸಿದೆ. ಪುಟ್ಟಿ ನನ್ನ ಕೈ ಹಿಡಿದಿದ್ದಳು. ಆ ಫೋಟೊ ನನ್ನಲ್ಲಿಲ್ಲ. ಡೂಪ್ಲಿಕೇಟ್ ಎಂಬ ಮಾತನ್ನು ಆಮೇಲೆ ನಾನು ಆಡಲಿಲ್ಲ. ಅರಮನೆಯ ಗಡಿಯಾರದ ವಿಷಯ ಹೇಳುವುದು ಮರೆತೆ: ಜನರ ದೇಣಿಗೆಯಿಂದ ಗೋಪುರ ಮತ್ತೆ ಎದ್ದ ಮೇಲೆ, 1974ರ ಜುಲೈನಲ್ಲಿ ಗಡಿಯಾರವನ್ನು ಚಾಲೂ ಮಾಡಿದ್ದು 11 ಗಂಟೆ 15 ನಿಮಿಷಕ್ಕೇ.

ಊರಿಗೆ ಹೊರಡುವ ಹಿಂದಿನ ದಿನ, ಮಧ್ಯಾಹ್ನ ನಾಲ್ಕಕ್ಕೆ, ಫೋಟೊ ಹಿಡಿದು ಕಂಬದ ಬುಡಕ್ಕೆ ಹೋದೆವು. ಪುಟ್ಟಿ ಗೋಪುರವನ್ನೂ ಅರಮನೆಯ ಕಿಟಕಿಗಳನ್ನೂ ಲೆಕ್ಕ ಹಾಕಿ, ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಬಲಕ್ಕೆ ಎಂದು ನನ್ನನ್ನು ನಿಲ್ಲಿಸಿದಳು. ಹಿಂದೆ ತಿರುಗಿ ನೋಡಿದೆ. ಬಣ್ಣದ ಮನೆಗಳ ಸಾಲು, ಒಂದು ರಸ್ತೆಯ ಬಾಯಿ, ಕೊಡೆಗಳ ಕೆಳಗೆ ಕಾಫಿ ಕುಡಿಯುವವರು. ಬೆರಳು ಮಾಡಿ ತೋರಿಸಿ ನಗುವಂಥದು ಏನೂ ಇಲ್ಲ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಏನಿತ್ತೋ. ಪಾರಿವಾಳವೋ, ಬಲೂನಿನವನೋ.

"ಇರಲಿ ಅಜ್ಜ. ನೀನು ಬಾಬ್ಚಾ ಕೂತಲ್ಲಿ ಕೂತ್ಕೋ. ನಾನು ತೆಗೀತೀನಿ" ಎಂದಳು.

ಮೊಣಕಾಲು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಗಡಿಯಾರ ನಾಲ್ಕು ಇಪ್ಪತ್ತು ತೋರಿಸುವವರೆಗೆ ಪುಟ್ಟಿ ಕಾದಳು. ಅವಳಿಗೆ ಫೋನಿನಲ್ಲಿ ತೆಗೆದು ರೂಢಿ. ನನ್ನ ಪುಟ್ಟ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮುಖದ ಹತ್ತಿರ ತಂದಳು. ಎಡಗೈ ತೋರುಬೆರಳು ನೇರವಾಗಿ ಲೆನ್ಸಿನ ಅಂಚಿಗೆ ಬಂದಿತ್ತು.

"ಪುಟ್ಟೀ, ಬೆರಳು! ನಿನ್ನ ಬೆರಳು ಅಡ್ಡ ಬರ್ತಿದೆ ನೋಡೇ" ಎಂದು ನಗುತ್ತಾ ಕೈ ಎತ್ತಿ ತೋರಿಸಿದೆ. ಅಷ್ಟರಲ್ಲಿ ಕ್ಲಿಕ್ ಎಂದಿತು.

ಅವಳು ಓಡಿಬಂದು ಪಕ್ಕದಲ್ಲಿ ಕೂತು, ಪರದೆಯನ್ನು ನನಗೆ ತೋರಿಸಿದಳು. ಹಿಂದೆ ಅರಮನೆ, ಗೋಪುರ. ಮೆಟ್ಟಿಲ ಮೇಲೆ ಬಾಯಿ ಅರ್ಧ ತೆರೆದು ನಗುತ್ತಾ ಬೆರಳು ತೋರಿಸುತ್ತಿರುವ ನಾನು. ಎಡಗಡೆ ಮೇಲ್ಮೂಲೆಯಲ್ಲಿ ಕಂದು ಬಣ್ಣದ ಮಸುಕು.

ಪುಟ್ಟಿ ಏನೂ ಹೇಳದೆ ಹಳೆಯ ಫೋಟೊವನ್ನು ಅದರ ಪಕ್ಕದಲ್ಲಿ ಹಿಡಿದಳು.

"ರೀ, ಬೆರಳು ಅಡ್ಡ ಬರ್ತಿದೆ" ಎಂದು ಅವಳು ಅಂದದ್ದು ಆಗ ನನಗೆ ಕೇಳಿಸಿತು.